ಎರಡು ಕಿಟಕಿಗಳ ಹಗ್ಗ

ಒಬ್ಬರ ಗುಣ ತಿಳಿಯಬೇಕಾದರೆ ಅವರು ಒಣಹಾಕಿದ ಬಟ್ಟೆ ನೋಡಬೇಕು ಎಂಬುದು ಎಲ್ದಾಳ ನಂಬಿಕೆ. ವೆನಿಸ್ಸಿನ ಕಾಸ್ತೆಲ್ಲೊ ಕೇರಿಯ ಒಂದೇ ಓಣಿಯಲ್ಲಿ ಎಪ್ಪತ್ತೊಂದು ವರ್ಷ ಕಳೆದವಳು, ಅವಳ ಮಾತು ಸುಳ್ಳಿರಲಾರದು. ಅವಳ ಕಿಟಕಿಯ ರಾಟೆಯಿಂದ ಎದುರುಮನೆ ಕಿಟಕಿಯ ರಾಟೆಗೆ, ಓಣಿಯ ನೆತ್ತಿಯ ಮೇಲೆ, ಬಟ್ಟೆ ಒಣಹಾಕಲು ಒಂದೇ ಹಗ್ಗ. ಸೋಮವಾರ ಎಲ್ದಾಳದು, ಗುರುವಾರ ಎದುರಿನ ಬ್ರೂನಾಳದು. ನಲವತ್ತು ವರ್ಷ ಇಬ್ಬರೂ ಆ ಹಗ್ಗ ಎಳೆಯುತ್ತ ಮೀನಿನ ಬೆಲೆ, ಮೊಣಕಾಲು ನೋವು, ಗಂಡಂದಿರ ಗೊರಕೆ ಯಾವುದನ್ನೂ ಬಿಡದೆ ಮಾತಾಡಿದ್ದರು. ಬ್ರೂನಾ ತೀರಿಕೊಂಡು ಎರಡು ವರ್ಷ. ಗುರುವಾರ ಬಂತೆಂದರೆ ಎಲ್ದಾಳಿಗೆ ಕಿಟಕಿಯ ಹತ್ತಿರ ಹೋಗಲೂ ಮನಸ್ಸಾಗುತ್ತಿರಲಿಲ್ಲ.

ಆ ಮನೆಗೆ ಈಗ ಗಿರಾಕಿ ಸಿಕ್ಕಿದ್ದ. ಬ್ರೂನಾಳ ಅಣ್ಣನ ಮಗ, ಮನೆಯ ಈಗಿನ ಒಡೆಯ ತುಲ್ಲಿಯೊ ತಾನೇ ಬಾಯಿಬಿಟ್ಟ: "ಮಿಲಾನಿನವರು, ಗಂದಿನಿ ಅಂತ. ಮನೆ ತಗೊಂಡು ಪ್ರವಾಸಿಗರನ್ನ ವಾರವಾರ ಇಳಿಸ್ತಾರಂತೆ. ಅವರು ಬೇಡ ಅಂದ್ರೆ ಬಾಡಿಗೆಗೆ ಲೊರೆದಾನಾ ಕಾಯ್ತಿದ್ದಾಳೆ, ದೋಣಿ ಬಸ್ಸಿನಲ್ಲಿ ಕೆಲಸ ಮಾಡೋ ಹುಡುಗಿ."

"ವಾರಕ್ಕೊಂದು ಮುಖ! ನಾನು ಯಾರ ಹತ್ರ ಮಾತಾಡ್ಲಿ, ಅವರ ಪೆಟ್ಟಿಗೆ ಹತ್ರಾನಾ?" ಎಂದಳು ಎಲ್ದಾ. ಅವಳಿಗೆ ಬೇಕಾದದ್ದು ಇಷ್ಟೇ, ಆ ಕಿಟಕಿಯಲ್ಲಿ ಒಬ್ಬಳು ನೆರೆಯವಳು.

ಗಂದಿನಿ ಮನೆ ನೋಡಲು ಬಂದ ದಿನ ಅವಳೊಂದು ಉಪಾಯ ಹೂಡಿದಳು. ತೀರಿಹೋದ ಗಂಡ ಬೇಪಿಯ ಉಣ್ಣೆಯ ಉದ್ದ ಚಡ್ಡಿಗಳು, ತೇಪೆ ಹಾಕಿದವು, ಮೊಣಕಾಲು ಜೋತವು, ಒಟ್ಟು ಒಂಬತ್ತು, ಮಂಜನ್ನೂ ಲೆಕ್ಕಿಸದೆ ಹಗ್ಗದ ತುಂಬ ನೇತಾಡಿದವು. ನೋಡಿದವನು ಕಾಲಿಗೆ ಬುದ್ಧಿ ಹೇಳಬೇಕಿತ್ತು. ಗಂದಿನಿ ತಲೆಯೆತ್ತಿ ನೋಡಿ ಕೈಜೋಡಿಸಿಬಿಟ್ಟ.

"ಅಯ್ಯೋ, ಎಂಥಾ ಚೆಂದ! ನನ್ನ ಗಿರಾಕಿಗಳು ಹುಡುಕೋದೇ ಇದನ್ನ! ನಾಳೆ ಫೋಟೊದವನನ್ನ ಕರ್ಕೊಂಡು ಬರ್ತೀನಿ. ಚಡ್ಡಿ ಮಾತ್ರ ತೆಗೀಬೇಡಿ ಅಮ್ಮಾ, ದಮ್ಮಯ್ಯ!"

ಬದುಕಿದ್ದಾಗ ಯಾರೂ ಹೊಗಳದ ಬೇಪಿಗೆ ಸತ್ತಮೇಲೆ ಈ ಸನ್ಮಾನ. ಎಲ್ದಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮರುದಿನ, ಎಂಟು ದಿನದ ಮಂಜು ಹರಿದು ಬಿಸಿಲು ಬಿತ್ತು. ಇಡೀ ಓಣಿ ಬಟ್ಟೆ ಹರವಿಕೊಂಡಿತು. ಎಲ್ದಾ ಮನೆಯ ಚಪ್ಪಲಿಯಲ್ಲೇ ಬೀದಿಗೆ ಓಡಿದಳು.

"ಎಲ್ಲಾ ಒಳಗೆ ತಗೊಳ್ರೇ! ಒಂದು ಕರವಸ್ತ್ರಾನೂ ಕಾಣಬಾರ್ದು!"

"ಎಂಟು ದಿನಕ್ಕೆ ಬಿಸಿಲು ಬಂದಿದೆ, ಹುಚ್ಚು ಹಿಡೀತೇನೇ ನಿಂಗೆ?" ಎಂದು ಮೂರನೇ ಮನೆಯ ಒರ್ಸೊಲಾ ಮೇಲಿನಿಂದ ಕೂಗಿದಳು.

"ಬಿಡು ಹಾಗಾದ್ರೆ! ಆ ಮಿಲಾನಿನವನು ನಿನ್ನ ಲಂಗಾನ ಜಗತ್ತಿಗೆಲ್ಲ ತೋರಿಸ್ತಾನೆ!"

ಒರ್ಸೊಲಾಳ ಲಂಗ ಮಾಯವಾಯಿತು. ಅದರ ಹಿಂದೆಯೇ ಓಣಿಯ ರಾಟೆಗಳೆಲ್ಲ ಕಿರುಗುಟ್ಟಿದವು. ಶಾಲೆಗೆ ಚಕ್ಕರ್ ಹೊಡೆದ ಮಕ್ಕಳ ಹುಮ್ಮಸ್ಸು ಎಲ್ಲರಿಗೂ. ಎಲ್ದಾ ಮೇಲೆ ಹೋಗಿ ಎಳೆದ ರಭಸಕ್ಕಂತೂ ಹಳೆಯ ಹಗ್ಗ ಫಟ್ಟನೆ ಹರಿದು, ಕೊನೆಯ ಚಡ್ಡಿಯ ಸಮೇತ ಓಣಿಗೆ ಬಿತ್ತು. ಅದನ್ನೂ ಎತ್ತಿಕೊಂಡು ಬಂದಳು.

ಗಂದಿನಿ ಬಂದು ಬಾಯಿಬಿಟ್ಟು ನಿಂತ. "ಬಟ್ಟೆಗಳೆಲ್ಲಿ?"

"ಬಟ್ಟೆಯಾ? ಇಲ್ಲಿ ಯಾರೂ ಒಗೆಯಲ್ಲ ಸ್ವಾಮಿ," ಎಂದಳು ಎಲ್ದಾ ಕಿಟಕಿಯಿಂದ, ಪಾದ್ರಿಯ ಮುಖ ಹೊತ್ತು.

ಮುಚ್ಚಿದ ಕಿಟಕಿಗಳ ಹಿಂದೆ ಯಾರೋ ಕಿಸಕ್ಕೆಂದರು. ಫೋಟೊದವನು, "ಬರೀ ಗೋಡೆ. ಏನು ತೆಗೀಲಿ?" ಎಂದ. ಗಂದಿನಿ ಮುಖ ಸಪ್ಪಗೆ ಮಾಡಿಕೊಂಡು ಬೇರೆ ಕೇರಿ ಹುಡುಕುತ್ತ ಹೊರಟೇಹೋದ. ಓಣಿ ಹೋ ಎಂದಿತು. ಒರ್ಸೊಲಾ ಒದ್ದೆ ಲಂಗವನ್ನು ಬಾವುಟದಂತೆ ಬೀಸಿದಳು.

ಹಾವು ಸತ್ತಿತ್ತು, ಆದರೆ ಕೋಲೂ ಮುರಿದಿತ್ತು. ಸಂಜೆ ಎಲ್ದಾ ಹರಿದ ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬ್ರೂನಾಳ ಕೈ ಸವೆಸಿದ ಹಗ್ಗ ಅದು. ದುಃಖ ಒತ್ತರಿಸಿ ಬಂತು.

ಮುಂದಿನ ತಿಂಗಳು ಲೊರೆದಾನಾ ಆ ಮನೆಗೆ ಬಾಡಿಗೆಗೆ ಬಂದಳು. ಬಂದ ವಾರದ ಗುರುವಾರವೇ ಎದುರಿನ ಕಿಟಕಿ ಧಡಾರನೆ ತೆರೆಯಿತು. ದಿನಕ್ಕೆ ನೂರು ಸಲ ದಡಕ್ಕೆ ಹಗ್ಗ ಎಸೆದು ದೋಣಿ ನಿಲ್ಲಿಸುವ ಕೈ ಅವಳದು, ಆ ಕೈಯಲ್ಲಿ ಹೊಸ ಹಗ್ಗದ ಸುರುಳಿ.

"ಎಲ್ದಕ್ಕಾ, ತಲೆ ತಗ್ಗಿಸಿ!"

ಹಗ್ಗ ಓಣಿ ದಾಟಿ ಸೀದಾ ಒಳನುಗ್ಗಿ ಕಾಫಿ ಪಾತ್ರೆ ಉರುಳಿಸಿತು.

"ನನ್ನ ದಿನ ಯಾವ್ದು?"

ಎಲ್ದಾ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಗುರುವಾರ ಕಣೇ. ಇವತ್ತೇ."