ಆಮೇಲೆ ಬರ್ಕೊಳ್ಳಿ

ಬಸ್ ಡಿಪೋದ ಬಿಡಿಭಾಗಗಳ ಸ್ಟೋರಿನಲ್ಲಿ ಇಪ್ಪತ್ತೇಳು ವರ್ಷ ಸವೆಸಿದ ಆ ಮನುಷ್ಯನನ್ನು ಎಲ್ಲರೂ ಕರೆಯುತ್ತಿದ್ದುದು ಕಂಪ್ಯೂಟರ್ ಮಾವ ಎಂದು. ಡಿಪೋಗೆ ನಿಜವಾದ ಕಂಪ್ಯೂಟರ್ ಕಾಲಿಡುವ ಎಷ್ಟೋ ಮೊದಲು ಇಟ್ಟ ಹೆಸರು ಅದು. ಹದಿನಾಲ್ಕು ಸಾಲು ಕಬ್ಬಿಣದ ರ‍್ಯಾಕು, ಮೂರು ಸಾವಿರ ಚಿಲ್ಲರೆ ಸಾಮಾನು. ಯಾವ ಬೇರಿಂಗು ಯಾವ ಡಬ್ಬಿಯಲ್ಲಿದೆ, ಅದರ ಪಕ್ಕದ ಡಬ್ಬಿಯ ಮುಚ್ಚಳ ಯಾಕೆ ಸೊಟ್ಟಗಾಯಿತು ಎನ್ನುವವರೆಗೆ ಅವನಿಗೆ ಬಾಯಿಪಾಠ. ಕೂರುವ ಜಾಯಮಾನವೂ ಅವನದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಸಾಲಿನಿಂದ ಸಾಲಿಗೆ ಸುತ್ತುತ್ತಿರಬೇಕು. ಅವನ ಕುರ್ಚಿಯ ಮೇಲೆ ಕೂತವರೆಂದರೆ ಡಿಪೋದ ಬೆಕ್ಕು ಒಂದೇ.

ಸ್ಟೋರಿಗೆ ಅದರದೇ ಒಂದು ಪದ್ಧತಿ ಇತ್ತು. ಮೆಕ್ಯಾನಿಕ್‌ಗಳು ಎಣ್ಣೆ ಕೈಯಲ್ಲೇ ಒಳಗೆ ನುಗ್ಗಿ, ಬೇಕಾದ್ದು ಎತ್ತಿಕೊಂಡು, ಹೋಗುತ್ತ ಹೋಗುತ್ತ ಕೂಗುವರು: "ಮಾವಾ, ಫಿಲ್ಟರ್ ಎರಡು ತಗೊಂಡೆ, ಆಮೇಲೆ ಬರ್ಕೊಳ್ಳಿ." ಮಾವ ಯಾವುದೋ ಸಾಲಿನಿಂದಲೇ ಹ್ಞೂಂ ಅನ್ನುವನು. ಸಂಜೆ ಐದಕ್ಕೆ ನಿಂತುಕೊಂಡೇ, ದಿನವಿಡೀ ಕೇಳಿದ ಕೂಗುಗಳನ್ನೆಲ್ಲ ಒಂದೊಂದಾಗಿ ರಿಜಿಸ್ಟರಿಗೆ ಇಳಿಸುವನು. ಒಂದು ನಟ್ಟು ಆಚೀಚೆ ಆದದ್ದಿಲ್ಲ. ಬಸ್ಸು ಕಾಯಬಾರದು, ಕಾಗದ ಕಾಯಬಹುದು ಎನ್ನುವುದು ಅವನ ಸಿದ್ಧಾಂತ. ನನ್ನನ್ನು ಕೇಳಿದರೆ ತಪ್ಪೇನೂ ಅಲ್ಲ.

ಆದರೆ ಮೇಲಿನವರು ನಮ್ಮನ್ನು ಕೇಳಿ ಏನನ್ನೂ ಮಾಡುವುದಿಲ್ಲವಲ್ಲ. ಒಂದು ಸೋಮವಾರ ಪಿಸ್ತೂಲಿನಂಥ ಸ್ಕ್ಯಾನರ್ ಬಂತು. ಪ್ರತಿ ಡಬ್ಬಿಗೂ ಕಪ್ಪು ಗೆರೆಗಳ ಚೀಟಿ ಅಂಟಿತು. ಇನ್ನು ಮೇಲೆ ಸ್ಟೋರಿನವನು ಡಬ್ಬಿಯ ಹತ್ತಿರವೇ ಹೋಗಿ, ಚೀಟಿಗೆ ಸ್ಕ್ಯಾನರ್ ಹಿಡಿದು, ಎಷ್ಟು ಎಂದು ಒತ್ತಿ, ಆಮೇಲೆಯೇ ಸಾಮಾನು ಕೊಡಬೇಕು. ಕಾಲ ಬದಲಾಗಿದೆ, ಕೆಲಸಗಾರರೂ ಹೊಸದನ್ನು ಕಲಿಯಬೇಕು ಎಂದು ಡಿಪೋ ಸಾಹೇಬರು ಅರ್ಧ ಗಂಟೆ ಮಾತಾಡಿದರು. ಹದಿನೈದು ದಿನ ತರಬೇತಿ. ಕೊನೆಗೆ ಇಪ್ಪತ್ತು ನಿಮಿಷದಲ್ಲಿ ಇಪ್ಪತ್ತನಾಲ್ಕು ಸಾಮಾನು ಹುಡುಕಿ, ಎಣಿಸಿ, ದಾಖಲಿಸುವ ಪರೀಕ್ಷೆ. ಪಾಸಾದರೆ ಸ್ಟೋರು. ಇಲ್ಲವಾದರೆ ಗೇಟು, ಅಂದರೆ ನಿವೃತ್ತಿಯವರೆಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಬರುವ ಹೋಗುವ ಬಸ್ಸಿನ ನಂಬರು ನೋಡುವುದು. ಕಾಲಿಗೆ ಚಕ್ರ ಕಟ್ಟಿಕೊಂಡವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ಗಾಯದ ಮೇಲೆ ಉಪ್ಪು ಸುರಿದ ಹಾಗೆ, ಕಲಿಸಲು ಬಂದವಳು ಅವನ ಬೀಗಿತ್ತಿ. ಮಗಳನ್ನು ಆಕೆಯ ಮಗನಿಗೇ ಕೊಟ್ಟಿದ್ದ. ಟಿಕೆಟ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಆಕೆ, ಯಾರೂ ಹೇಳುವ ಮೊದಲೇ ಎಲ್ಲ ಯಂತ್ರ ಕಲಿತು ಕೂತಿದ್ದಳು. ಸಾಹೇಬರು ಆಕೆಯನ್ನೇ ತರಬೇತಿಗೆ ನೇಮಿಸಿದ್ದರು. ಹಬ್ಬ ಹರಿದಿನಕ್ಕೆ ಮನೆಗೆ ಹೋದರೆ ಮಣೆ ಹಾಕಿ ಕೂರಿಸುವ ಬೀಗಿತ್ತಿಯ ಮುಂದೆ, ಬೆರಳು ಎಲ್ಲಿ ಒತ್ತಬೇಕು ಎಂದು ತಿಳಿಯದೆ ನಿಲ್ಲುವುದೆಂದರೆ ಮಾನ ಹರಾಜಾದ ಹಾಗೆ. ಅವನು ಸಿಟ್ಟಿಗೆ ಆಕೆಯನ್ನು ಮೇಡಂ ಎಂದು ಕರೆಯತೊಡಗಿದ. ಆಕೆ ಮಾತ್ರ ಏನೂ ಆಗದವಳಂತೆ, ಸ್ಕ್ಯಾನರ್ ತಲೆಕೆಳಗಾಗಿದೆ ಬೀಗರೇ, ಎಂದು ತಿರುಗಿಸಿ ಕೊಡುವಳು.

ಮೊದಲ ನಾಲ್ಕು ದಿನ ಅವನು ಒತ್ತಿದ್ದೆಲ್ಲ ತಪ್ಪು ಗುಂಡಿ, ಯಂತ್ರ ಕಿರುಚಿತು. ಒಂದು ಫ್ಯಾನ್ ಬೆಲ್ಟಿಗೆ ಸಾಲಿನ ತುದಿಗೆ ಓಡಿ, ಚೀಟಿಗೆ ಹಿಡಿದು, ಒತ್ತಿ, ಮತ್ತೆ ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಮೂವರು ಮೆಕ್ಯಾನಿಕ್‌ಗಳು ತಮಗೆ ಬೇಕಾದ್ದು ಎತ್ತಿಕೊಂಡು, ಆಮೇಲೆ ಬರ್ಕೊಳ್ಳಿ ಎಂದು ಕೂಗಿ ಮಾಯವಾಗಿರುತ್ತಿದ್ದರು. ಐದನೇ ದಿನ ಅವನಿಗೆ ಉಪಾಯ ಹೊಳೆಯಿತು. ಮೇಲಿನವರು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ. ಚೀಟಿ ಮುದ್ರಿಸುವ ಗುಮಾಸ್ತನಿಗೆ ಎರಡು ಸಲ ಚಹಾ ಕುಡಿಸಿ, ಹೆಚ್ಚು ಓಡುವ ಸಾಮಾನಿನ ಚೀಟಿಗಳನ್ನೆಲ್ಲ ಇನ್ನೊಂದು ಪ್ರತಿ ತೆಗೆಸಿಕೊಂಡ. ಮಡಚಬಹುದಾದ ರಟ್ಟಿನ ಮೇಲೆ ಸಾಲಾಗಿ ಅಂಟಿಸಿದ. ಆಮೇಲೆ ರ‍್ಯಾಕಿನ ಹತ್ತಿರ ಹೋಗುವ ಗೋಜೇ ಇಲ್ಲ. ಸಂಜೆ ಐದಕ್ಕೆ ಮೇಜಿನ ಹತ್ತಿರ ನಿಂತು, ದಿನದ ಕೂಗುಗಳನ್ನು ನೆನೆಯುತ್ತ ರಟ್ಟಿನ ಮೇಲೆ ಟಕ್ ಟಕ್ ಎಂದು ಸ್ಕ್ಯಾನರ್ ಹೊಡೆದರೆ ಮುಗಿಯಿತು.

ಬೀಗಿತ್ತಿ ತನ್ನ ಪರದೆಯಲ್ಲಿ ನೋಡುತ್ತಾಳೆ, ಎಲ್ಲವೂ ಅಚ್ಚುಕಟ್ಟು. ಡಿಪೋದಲ್ಲಿ ಯಂತ್ರ ಕಲಿಯುತ್ತಿದ್ದವರಲ್ಲೆಲ್ಲ ಮಾವನೇ ಮೊದಲಿಗ. ಆಕೆ ಮನೆಯಲ್ಲೂ ಹೊಗಳಿದಳು. ಮಗಳು ಫೋನು ಮಾಡಿ, ಅತ್ತೆಯ ಬಾಯಲ್ಲಿ ನಿಮ್ಮದೇ ಗುಣಗಾನ ಅಂದಳು. ಅವನು ಉಬ್ಬಿದ. ಆದರೂ ಒಳಗೊಳಗೆ ಏನೋ ಕುಟುಕುತ್ತಿತ್ತು. ಬೀಗಿತ್ತಿ ಸ್ಟೋರಿನತ್ತ ಬಂದಳೆಂದರೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನ ಕೈ ರಟ್ಟಿನತ್ತ ಹೋಗುತ್ತಿತ್ತು.

ಪರೀಕ್ಷೆಗೆ ಎರಡು ದಿನ ಇರುವಾಗ, ಗುರುವಾರ ಬೆಳಿಗ್ಗೆ, ಒಂದು ಬಸ್ಸಿನ ಬ್ರೇಕಿನ ರಬ್ಬರ್ ಕೊಳವೆ, ಅಂದರೆ ಬ್ರೇಕ್ ಹೋಸ್, ಸೀಳಿತ್ತು. ಜನ ಒಳಗೆ ಕೂತಾಗಿತ್ತು. ಹಿರಿಯ ಮೆಕ್ಯಾನಿಕ್ ಓಡಿ ಬಂದ. ಪರದೆ ನೋಡಿದರೆ ನಾಲ್ಕು ಇದೆ. ಡಬ್ಬಿ ನೋಡಿದರೆ ಖಾಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾವ ಯಂತ್ರವನ್ನು ಬೈದ, ಚೀಟಿ ಅಂಟಿಸಿದವರನ್ನು ಬೈದ, ಬೀಗಿತ್ತಿಯ ವಿದ್ಯೆಯನ್ನೂ ಬಿಡಲಿಲ್ಲ.

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಮಾವ, ಮಂಗಳವಾರ ನಾಲ್ಕೂ ನಾನೇ ತಗೊಂಡು ಹೋದ್ನಲ್ಲ. ನಿಮ್ಮ ಮುಂದೆ ನಿಂತು ಹೇಳ್ದೆ. ನೀವು ಹ್ಞೂಂ ಅಂದ್ರಿ, ಮೊಮ್ಮಗಳ ವಿಷ್ಯ ಬೇರೆ ಮಾತಾಡಿದ್ರಿ."

ಮಾವನಿಗೆ ಮಂಗಳವಾರ ನೆನಪಿತ್ತು, ಮೊಮ್ಮಗಳೂ ನೆನಪಿದ್ದಳು. ಮೆಕ್ಯಾನಿಕ್ ಬಂದದ್ದೇ ನೆನಪಿರಲಿಲ್ಲ. ಮಸುಕಾಗಿಯೂ ಇಲ್ಲ, ಒರೆಸಿ ಹಾಕಿದ ಹಾಗೆ. ಜನ ಗೊಣಗುತ್ತ ಬೇರೆ ಬಸ್ಸಿಗೆ ಹತ್ತಿದರು. ಅವನು ಸಾಲುಗಳ ನಡುವೆ ನಿಂತ. ನಿಂತಲ್ಲಿ ನಿಲ್ಲಲಾರದ ಮನುಷ್ಯ ಅಂದು ಮೊದಲ ಸಲ ಎಷ್ಟೋ ಹೊತ್ತು ಕದಲಲಿಲ್ಲ.

ಆಮೇಲೆ ಎರಡು ದಿನ ಅವನಿಗೆ ಒಂದು ಗಳಿಗೆ ನೆಮ್ಮದಿ ಇಲ್ಲ. ನಡೆಯುತ್ತ ನಡೆಯುತ್ತ ತನಗೆ ತಾನೇ ಪರೀಕ್ಷೆ ಕೊಟ್ಟುಕೊಂಡ. ಏಳನೇ ಸಾಲಿನ ಮೂರನೇ ಡಬ್ಬಿ? ಕ್ಲಚ್ ಪ್ಲೇಟು. ಸರಿ. ನಿನ್ನೆ ಊಟಕ್ಕೆ ಏನಿತ್ತು? ಹೆಂಡತಿಯನ್ನು ಕೇಳಬೇಕಾಯಿತು. ಆಕೆ, ತಿಂದದ್ದೂ ನೆನಪಿಲ್ಲದಷ್ಟು ಕೆಟ್ಟದಾಗಿತ್ತಾ ಎಂದು ಮುಖ ಊದಿಸಿಕೊಂಡಳು. ಅವನು ನಕ್ಕ, ಆದರೆ ಲೆಕ್ಕ ಹಾಕುವುದು ನಿಲ್ಲಲಿಲ್ಲ. ಹಳೆಯ ಡಬ್ಬಿಗಳೆಲ್ಲ ತಲೆಯಲ್ಲಿ ಭದ್ರವಾಗಿವೆ, ಮೊನ್ನೆಯ ಕೂಗುಗಳು ಸೋರಿ ಹೋಗುತ್ತಿವೆ. ಎಂದಿನಿಂದ ಹೀಗೆ? ಇನ್ನೆಷ್ಟು ಬ್ರೇಕ್ ಹೋಸ್‌ಗಳು ಹೀಗೆ ಹೋಗಿವೆ?

ಶನಿವಾರ ಅಂಗಿಯೊಳಗೆ ರಟ್ಟು ಮಡಚಿಟ್ಟುಕೊಂಡೇ ಹೊರಟ. ಸಾಲುಗಳ ಮರೆಯಲ್ಲಿ ನಿಂತು ರಟ್ಟಿಗೇ ಸ್ಕ್ಯಾನರ್ ಹಿಡಿದು, ಪರದೆ ಹೇಳುವ ಸಂಖ್ಯೆಯನ್ನೇ ಒತ್ತಿದರೆ ಹತ್ತು ನಿಮಿಷದಲ್ಲಿ ಪಾಸು. ಬೀಗಿತ್ತಿ ಗಡಿಯಾರ ಹಿಡಿದು ಒಬ್ಬಳೇ ಕಾಯುತ್ತಿದ್ದಳು. ಪಟ್ಟಿ ಕೈಗೆ ಬಂತು. ಹನ್ನೊಂದನೆಯದು ಬ್ರೇಕ್ ಹೋಸ್.

ಅವನು ರಟ್ಟನ್ನು ತೆಗೆದು ಮೇಜಿನ ಮೇಲಿಟ್ಟ.

"ನಾನು ಕಲ್ತಿಲ್ಲ ಬೀಗಿತ್ತಿಯವ್ರೇ. ಇಷ್ಟು ದಿನ ಇದಕ್ಕೇ ಹೊಡೀತಿದ್ದೆ. ಈಗ ನೆನಪೂ ಕೈ ಕೊಡ್ತಿದೆ. ಗೇಟಿಗೆ ಹಾಕಿ."

ಬೀಗಿತ್ತಿ ರಟ್ಟನ್ನು ತಿರುಗಿಸಿ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದ. ಆಕೆ ಬಾಗಿಲತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನಂಗೆ ಎರಡು ವರ್ಷದಿಂದ ಹೀಗೇ ಆಗ್ತಿದೆ. ಕೌಂಟರಲ್ಲಿ ಕೂತು, ಎದುರು ನಿಂತವ್ರು ಯಾವ ಊರು ಕೇಳಿದ್ರು ಅನ್ನೋದೇ ಮರೆತು ಬಿಡೋದು. ಎಲ್ರಿಗಿಂತ ಮೊದ್ಲು ನಾನ್ಯಾಕೆ ಈ ಮೆಷಿನ್ ಕಲ್ತೆ ಅಂದ್ಕೊಂಡ್ರಿ? ಜಾಣೆ ಅಂತನಾ?"

"ಮನೇಲಿ ಗೊತ್ತಾ?"

"ಇಲ್ಲ. ನಿಮ್ಗೆ ಮಾತ್ರ."

ಆಕೆ ರಟ್ಟನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದಳು, ಗಡಿಯಾರ ಒತ್ತಿದಳು.

ಅವನು ನಡೆದ. ಡಬ್ಬಿಗಳು ಇರುವ ಜಾಗ ಕಾಲಿಗೇ ಗೊತ್ತಿತ್ತು. ಆದರೆ ಪ್ರತಿ ಡಬ್ಬಿಯನ್ನೂ ಇಳಿಸಿ, ಕೈಯಿಂದ ಎಣಿಸಿ, ಕಂಡಷ್ಟನ್ನೇ ಒತ್ತಿದ. ಹನ್ನೊಂದನೆಯದರ ಹತ್ತಿರ ಪರದೆ ಇನ್ನೂ ನಾಲ್ಕು ಅನ್ನುತ್ತಿತ್ತು. ಖಾಲಿ ಡಬ್ಬಿಯೊಳಗೆ ಕೈ ಆಡಿಸಿ ನೋಡಿ, ಸೊನ್ನೆ ಒತ್ತಿದ. ಅದೊಂದಕ್ಕೇ ಒಂದು ನಿಮಿಷ ಹಿಡಿಯಿತು. ಕೊನೆಗೆ ಬೀಗಿತ್ತಿ ಇಪ್ಪತ್ತಮೂರು ನಿಮಿಷ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಳು. ಮುಂದಿನ ಶನಿವಾರ ಇನ್ನೊಂದು ಅವಕಾಶ ಇದೆ, ಅದೇ ಕೊನೆಯದು, ದಿನಾ ಮಧ್ಯಾಹ್ನ ಬರುತ್ತೇನೆ ಅಂದಳು.

ಅಷ್ಟರಲ್ಲಿ ಹಿರಿಯ ಮೆಕ್ಯಾನಿಕ್ ಇಬ್ಬರು ಜೊತೆಗಾರರೊಂದಿಗೆ ಒಳಗೆ ನುಗ್ಗಿ, ಬೇರಿಂಗ್ ಒಂದನ್ನು ಎತ್ತಿಕೊಂಡು, ಬಾಗಿಲತ್ತ ಹೋಗುತ್ತ ಎಂದಿನ ಹಾಗೆ ಕೂಗಿದ.

"ಮಾವಾ, ಆಮೇಲೆ ಬರ್ಕೊಳ್ಳಿ."

ಹ್ಞೂಂ ಎನ್ನಲು ತೆರೆದ ಬಾಯಿಯನ್ನು ಮಾವ ಮುಚ್ಚಿದ. ಸ್ಕ್ಯಾನರ್ ಹಿಡಿದು ಬಾಗಿಲಿಗೆ ಅಡ್ಡ ನಿಂತ.

"ಆಮೇಲೆ ಬೇಡ, ಈಗ್ಲೇ ಬಾ ಡಬ್ಬಿ ಹತ್ರ," ಅಂದ, ಮೂವರಿಗೂ ಕೇಳುವ ಹಾಗೆ. "ಆಮೇಲೆ ನಂಗೆ ನೆನಪಿರಲ್ಲ."