ಕುಂಕುಮ ಹಚ್ಚಿದ ರೊಟ್ಟಿ ಮಷೀನು

ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಅಕ್ಕ ಬೈಯುತ್ತಿರುತ್ತಾಳೆ. ಸೋಲಾಪುರದಲ್ಲಿ ಮಗ್ಗದ ಬಿಡಿಭಾಗ ಮಾಡುವ ವರ್ಕ್‌ಶಾಪಿನ ಕೆಲಸ ಬಿಟ್ಟು, ಬಾಡಿಗೆ ಶೆಡ್ಡಿನಲ್ಲಿ ರೊಟ್ಟಿ ಒತ್ತುವ ಮಷೀನು ಮಾಡಲು ಹೊರಟ ಆ ಬೇಸಿಗೆಯಲ್ಲಂತೂ ಚಹಾ ಕೂಡ ನಿಂತೇ ಕುಡಿಯುತ್ತಿದ್ದೆ.

ಮಷೀನು ಅಕ್ಕನಿಗಾಗಿಯೇ. ಅವಳಿರುವುದು ಅಕ್ಕಲಕೋಟದಲ್ಲಿ. ಜೋಳದ ಖಡಕ್ ರೊಟ್ಟಿ ಮಾಡಿ, ದಿನಾ ಬಸ್ಸಿನಲ್ಲಿ ಸೋಲಾಪುರದ ಖಾನಾವಳಿಗಳಿಗೆ ಒಯ್ದು ಕೊಡುತ್ತಾಳೆ. ಯಾರ ಹಂಗೂ ಇಲ್ಲದೆ ಕಟ್ಟಿಕೊಂಡ ಆ ಕೆಲಸವೆಂದರೆ ಅವಳಿಗೆ ಜೀವ. ಆ ವರ್ಷ ಅವಳ ಎರಡೂ ಮಣಿಕಟ್ಟು ಬಾತುಕೊಂಡವು. ಹೀಗೇ ದುಡಿದರೆ ಕೈ ಕೆಲಸಕ್ಕೆ ಬರುವುದಿಲ್ಲ, ರೊಟ್ಟಿ ಬಿಟ್ಟುಬಿಡಿ ಎಂದರು ಡಾಕ್ಟರು. "ಕೈ ಹೋದ್ರ ನಾ ಏನ್ ಮಾಡ್ಲಿ ತಮ್ಮಾ?" ಎಂದು ಅಕ್ಕ ಫೋನಿನಲ್ಲಿ ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ರೊಟ್ಟಿ ಬಡಿದು ಬಡಿದೇ ಕೈ ಸೋತಿವೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಅದರಲ್ಲಿ ಕೇಳುವುದೇನಿದೆ? ಎರಡು ತಿಂಗಳು ಕಬ್ಬಿಣದ ಜೊತೆ ಗುದ್ದಾಡಿದೆ. ಹಿಟ್ಟಿನ ಉಂಡೆ ಇಟ್ಟು ಹಿಡಿಕೆ ಒತ್ತಿದರೆ ರೊಟ್ಟಿ ಸಿದ್ಧ, ಅಂಥ ಮಷೀನು ತಯಾರಾಯಿತು.

ಒಯ್ದ ದಿನ ಅಕ್ಕ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ನನಗೆ ಹೋಳಿಗೆ ಉಣ್ಣಿಸಿದಳು. ಓಣಿಯ ಹೆಂಗಸರೆಲ್ಲ ಬಂದು "ಭಾಳ ಚಲೋ ಐತ್ರಿ" ಎಂದರು. ನಮ್ಮ ಕಡೆ ಮನೆಗೆ ಬಂದ ಹೊಸ ವಸ್ತು ಎಂಥದ್ದೇ ಇರಲಿ, ಪೂಜೆ ಆಗಲೇಬೇಕು. ಪೂಜೆಯಾದ ಮೇಲೆ ಅದಕ್ಕೆ ಹೆಸರಿಡುವಂತಿಲ್ಲ, ಅಂದರೆ ಕುಂದು ಹೇಳುವಂತಿಲ್ಲ, ತಂದವರೆದುರಿಗಂತೂ ಇಲ್ಲವೇ ಇಲ್ಲ. ನಮ್ಮವ್ವ ತಿರುಗದ ಮಿಕ್ಸರಿಗೂ ಪ್ರತಿ ದಸರೆಗೆ ಹೂ ಏರಿಸುತ್ತಿದ್ದಳು. ಇದೆಲ್ಲ ಗೊತ್ತಿದ್ದೂ ಆ ಕುಂಕುಮವನ್ನು ಒಪ್ಪಿಗೆಯೆಂದು ತಿಳಿದ ದಡ್ಡ ನಾನು. ಮರುದಿನವೇ ಇನ್ನೂ ಹತ್ತು ಮಷೀನಿಗೆ ಕಬ್ಬಿಣ ಕತ್ತರಿಸಿದೆ.

ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದೆ.

"ಮಷೀನ್ ಹೆಂಗೈತಿ?"

"ಚಲೋ ಐತಿ."

"ಬರೋಬರ್ ನಡೀತೈತಿಲ್ಲೋ?"

"ಚಲೋ ಐತಿ ಅಂದ್ನಲ್ಲೋ ಮಾರಾಯಾ!"

ಆದರೂ ಸಮಾಧಾನವಿಲ್ಲ. ಕೈ ನೋವು ಕಡಿಮೆಯಾಯಿತು ಎಂಬ ಒಂದು ಮಾತು ಮಾತ್ರ ಅವಳ ಬಾಯಿಂದ ಬರಲೊಲ್ಲದು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಬೈಕು ಹತ್ತಿ ಅಕ್ಕಲಕೋಟಕ್ಕೆ ಹೋದೆ.

ಬಾಗಿಲಲ್ಲೇ ಪಟಪಟ ಸದ್ದು ಕೇಳಿಸಿತು. ಅಕ್ಕ ಒಲೆಯ ಮುಂದೆ ಕೂತು ಕೈಯಿಂದಲೇ ರೊಟ್ಟಿ ಬಡಿಯುತ್ತಿದ್ದಳು. ಮಷೀನು ಮೂಲೆಯಲ್ಲಿತ್ತು. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ, ಎರಡು ಚೆಂಡು ಹೂವು. ನನ್ನ ಪಿತ್ತ ನೆತ್ತಿಗೇರಿತು.

"ಇಷ್ಟ್ ದಿನಾ ಸುಳ್ಳ್ಯಾಕ ಹೇಳ್ದಿ?"

"ಸುಳ್ಳೆಲ್ಲಿ ಹೇಳೀನಿ? ಹೆಂಗೈತಿ ಅಂತ ಕೇಳ್ದಿ, ಚಲೋ ಐತಿ ಅಂದೆ. ಪೂಜಿ ಮಾಡಿದ್ದಕ್ಕ ಹೆಸರಿಡ್ಲೇನು? ಹಿಡಿಕಿ ಒತ್ತಿದ್ರ ಕೈ ಇನ್ನಷ್ಟು ನೋಯ್ತಾವ. ಬಡಿಯೂದ್ರಾಗ ನನಗೇನೂ ತ್ರಾಸಿಲ್ಲ."

"ಮತ್ತ ಕೈ ಯಾಕ ನೋಯ್ತಾವ?"

ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು. "ಇದನ್ನ ಇವತ್ತ ಕೇಳಾಕತ್ತಿ ನೋಡು. ನಡಿ, ಗಾಡಿಗಿ ಹೊತ್ತಾತು. ನಿನ್ನ ಫಟಫಟಿ ಇಲ್ಲೇ ಇರ್ಲಿ."

ಹಿಂದಿನ ದಿನದ ಒಣಗಿದ ರೊಟ್ಟಿಗಳನ್ನು ಧೋತರದ ತುಂಡಿನಲ್ಲಿ ಕಟ್ಟಿಕೊಂಡು ಸೋಲಾಪುರದ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತವಳು ಗಂಟನ್ನು ತೊಡೆಯ ಮೇಲೆ ಇಡಲಿಲ್ಲ. ಎರಡೂ ಅಂಗೈ ಕೆಳಗೆ ಕೊಟ್ಟು, ತೊಡೆಯಿಂದ ಗೇಣುದ್ದ ಮೇಲಕ್ಕೆ ಎತ್ತಿ ಹಿಡಿದಳು.

"ತೊಡಿ ಮ್ಯಾಲ ಇಡಬಾರ್ದೇನು?"

"ಇಟ್ರ ಮುಗೀತು. ಗಾಡಿ ಕುಣಿದಂಗ ರೊಟ್ಟೀನೂ ಕುಣೀತಾವ. ಒಡದದ್ದ ಖಾನಾವಳ್ಯಾಗ ಮುಟ್ಟಂಗಿಲ್ಲ."

ಬ್ರೇಕು ಬಿದ್ದಾಗಲೆಲ್ಲ ಅವಳ ಮಣಿಕಟ್ಟು ಆ ಭಾರದ ಕೆಳಗೆ ಬಾಗಿ, ನಡುಗಿ, ಮತ್ತೆ ಎದ್ದು ನಿಲ್ಲುತ್ತಿತ್ತು. ನೋಡಲಾಗದೆ ಗಂಟು ಕಸಿದುಕೊಂಡೆ. ಸ್ವಲ್ಪ ಹೊತ್ತಿಗೇ ನನ್ನ ಮುಂಗೈ ಉರಿಯತೊಡಗಿತು. ಒಂಬತ್ತು ವರ್ಷದಿಂದ ದಿನಾ ಇದೇ. ಇದೇ ದಾರಿಯಲ್ಲಿ ನಾನು ಎಷ್ಟು ಸಲ ಬೈಕಿನಲ್ಲಿ ಈ ಬಸ್ಸನ್ನು ಹಿಂದೆ ಹಾಕಿ ಹೋಗಿಲ್ಲ! ನಾಚಿಕೆಯಾಯಿತು, ಅಕ್ಕನ ಮುಖ ನೋಡಲಾಗಲಿಲ್ಲ.

"ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕ್ದಿ, ತಮ್ಮಾ," ಎಂದು ಅವಳು ನಕ್ಕಳು. ಮುಂದಿನ ಸೀಟಿನ ಮುದುಕಿಯೂ ತಿರುಗಿ ನಕ್ಕಳು.

ಅಷ್ಟರಲ್ಲಿ ನನ್ನ ತಲೆ ತನ್ನ ಚಾಳಿ ಶುರುಮಾಡಿತ್ತು. ತಗಡಿನ ಪೆಟ್ಟಿಗೆ, ಒಳಗೆ ಸ್ಪ್ರಿಂಗು, ಮೇಲೆ ಬಸ್ಸಿನ ಕಂಬಿಗೆ ತೂಗುಹಾಕಲು ಒಂದು ಕೊಂಡಿ. ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ಮುಚ್ಚಿಕೊಂಡೆ. ಆಮೇಲೆ ಕೇಳಿದೆ: "ಅಕ್ಕಾ, ನಿನಗೇನು ಬೇಕು?"

ಅವಳು ಕಿಟಕಿಯಾಚೆ ನೋಡಿದಳು. "ಒಂದಿನಾರ ಗಾಡ್ಯಾಗ ಖಾಲಿ ಕೈಲೆ ಕೂಡಬೇಕನಸ್ತೈತಿ ನೋಡು," ಎಂದಳು.

ಆ ಮಾತಿಗೆ ತಕ್ಕ ಪೆಟ್ಟಿಗೆ ಮಾಡಲು ಮುಂದೆ ಎಷ್ಟೋ ಸಲ ಅವಳ ಜೊತೆ ಆ ಬಸ್ಸು ಹತ್ತಬೇಕಾಯಿತು. ಹತ್ತು ಮಷೀನಿನ ಕಬ್ಬಿಣ ಅದಕ್ಕೇ ಹೋಯಿತು, ಅಕ್ಕ ಇವತ್ತಿಗೂ ರೊಟ್ಟಿ ಬಡಿಯುತ್ತಾಳೆ. ಅವತ್ತು ಮಾತ್ರ ಪೆಟ್ಟಿಗೆ ಇರಲಿಲ್ಲ, ನನ್ನ ಕೈಗಳಿದ್ದವು. ದಾರಿಯ ಕುಂಭಾರಿ ಊರು ದಾಟುವಷ್ಟರಲ್ಲಿ ಅಕ್ಕನಿಗೆ ನನ್ನ ಹೆಗಲ ಮೇಲೆ ನಿದ್ದೆ ಹತ್ತಿತು, ಬಾತ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಸೋಲಾಪುರ ಬರುವ ತನಕ ನಾನು ಕೂತಲ್ಲಿಂದ ಅಲುಗಾಡಲಿಲ್ಲ.