ದ್ವಾದಶಿ ಬೆಳಗಿನ ಬಾಟಲಿ

ಚೆನ್ನೈನ ತಿರುವಲ್ಲಿಕ್ಕೇಣಿಯ ಓಣಿಯಲ್ಲಿ ಹಾಲಿನವರ ಹಿಂದೆಯೇ ರಮಾಬಾಯಿಯ ಮೊಪೆಡ್ ಬರುತ್ತದೆ. ಮುಂದೆ ನೀಲಿ ಐಸ್ ಡಬ್ಬ. ಬಾಗಿಲ ಮುಂದಿನ ಕೋಲಂ ರಂಗೋಲಿ ತುಳಿಯದಂತೆ ಇಳಿದು ಬೆಲ್ ಒತ್ತುತ್ತಾರೆ. ಒಳಗಿನವರು ಬಾಗಿಲನ್ನು ಅರ್ಧವೇ ತೆರೆದು, ಕಳ್ಳಮಾಲು ದಾಟಿಸುವವರ ಹಾಗೆ ಬಾಟಲಿ ಕೈಗಿಡುತ್ತಾರೆ. ಅದರಲ್ಲಿರುವುದು ಮೂತ್ರ.

"ಮಕ್ಕಳು 'ಅಮ್ಮಂಗೆ ಲ್ಯಾಬಲ್ಲಿ ಕೆಲ್ಸ' ಅಂತಾರೆ. ನಾನೇ ಹೇಳ್ಬಿಡ್ತೀನಿ, ಉಚ್ಚೆ ಬಾಟ್ಲಿ ಎತ್ಕೊಂಡ್ ಬರೋಳು ಅಂತ. ಅದ್ರಲ್ಲೇನು ನಾಚಿಕೆ, ಏನು ವೆಕ್ಕಂ?" ಎಂದು ನಗುತ್ತಾರೆ.

ಮೂತ್ರಕೋಶದಲ್ಲಿ ಕ್ಯಾನ್ಸರ್ ಇದ್ದರೆ ಅದರ ಜೀವಕೋಶಗಳು ಮೂತ್ರದಲ್ಲಿ ಉದುರಿ ಬರುತ್ತವೆ. ಅವುಗಳ ಡಿಎನ್‌ಎ ಬದಲಾಗಿದೆಯೇ ಎಂದು ಲ್ಯಾಬಿನವರು ನೋಡುತ್ತಾರೆ. ಸೂಜಿಯಿಲ್ಲ, ನಳಿಕೆಯಿಲ್ಲ. ಲ್ಯಾಬಿನವರು ಮೊದಲೇ ಕೊಡುವ ಬಾಟಲಿಯ ತಳದಲ್ಲಿ ಒಂದಿಷ್ಟು ಔಷಧಿ ನೀರು ಇರುತ್ತದೆ, ಡಿಎನ್‌ಎ ಕೆಡದಂತೆ ಕಾಯುವುದು ಅದೇ.

ರಮಾಬಾಯಿಯ ಗಂಡ ಸಂಜೀವ ತಿರುವೊಟ್ಟಿಯೂರಿನಲ್ಲಿ ಬಣ್ಣದ ಕಾರ್ಖಾನೆಯ ಕೆಲಸಗಾರರಾಗಿದ್ದರು. ಮೂತ್ರ ಕೆಂಪಗೆ ಬಂದಾಗ "ಬೀಟ್‌ರೂಟ್ ತಿಂದಿದ್ದೆನಲ್ಲ" ಎಂದುಬಿಟ್ಟರು. ಹೇಳಿದರೆ ಮಾನ ಹೋಗುತ್ತೆ, ಹೇಳದಿದ್ದರೆ ಪ್ರಾಣ ಹೋಗುತ್ತೆ ಅಂತಾರಲ್ಲ, ಹಾಗೇ ಆಯಿತು. ಅವರು ಇದೇ ಕ್ಯಾನ್ಸರಿನಿಂದ ಹೋದ ಮೇಲೆ ಇವರು ಈ ಕೆಲಸಕ್ಕೆ ಸೇರಿದ್ದು.

ದಿನಕ್ಕೆ ಹತ್ತು ಹನ್ನೆರಡು ಮನೆ. ಅವುಗಳಲ್ಲಿ ಒಂದು ಮಡಿವಂತ ಮುದುಕರಾದ ವಿಷ್ಣುತೀರ್ಥರದು. ಒಮ್ಮೆ ಗಡ್ಡೆ ತೆಗೆಸಿಕೊಂಡವರು. ಈಚೆಗೆ ಮತ್ತೆ ರಕ್ತ ಕಂಡಿದೆ. ಮೂತ್ರದ ದಾರಿಯಲ್ಲಿ ನಳಿಕೆ ಹಾಕಿ ನೋಡುತ್ತೇನೆಂದು ಡಾಕ್ಟರು ಹೇಳಿದರೆ ಅವರ ಮುಖವನ್ನೂ ನೋಡುವುದಿಲ್ಲ! ಸೊಸೆ ಅಕ್ಷಯಾ ಕಾಡಿ ಬೇಡಿ ಈ ಪರೀಕ್ಷೆಗೆ ಒಪ್ಪಿಸಿದ್ದಳು.

ಒಂದು ಬೆಳಿಗ್ಗೆ ಮುದುಕರು ಗೇಟಿನಾಚೆಯಿಂದ ಕೊಟ್ಟ ಬಾಟಲಿ ತೊಟ್ಟಿಕ್ಕುತ್ತಿತ್ತು. ಹೊರಗಿನಿಂದ ಬಂದದ್ದೆಂದು ಹಿಂದಿನ ಸಂಜೆಯೇ ಮುಚ್ಚಳ ಬಿಚ್ಚಿ, ಒಳಗೂ ಹೊರಗೂ ತೊಳೆದಿಟ್ಟು, ತುಂಬಿದ ಮೇಲೆ ಹೊರಗೆ ಮತ್ತೊಮ್ಮೆ ತೊಳೆದಿದ್ದರಂತೆ. ಮಡಿಯವರ ಕೈಗೆ ಸಿಕ್ಕ ಬಾಟಲಿ ಒಣಗಿರುತ್ತದೆಯೇ! ಔಷಧಿ ನೀರೆಲ್ಲ ಬಚ್ಚಲಿಗೆ ಹೋಗಿತ್ತು.

"ಮತ್ತೆ ಕೊಡಕ್ಕೆ ಇವತ್ತು ಏಕಾದಶಿ, ನೀರೂ ಕುಡಿಯಲ್ಲ. ದೇವರ ಇಚ್ಛೆ ಇಲ್ಲ ಬಿಡಮ್ಮ" ಎಂದು ಅವರು ಗೇಟು ಹಾಕಿಕೊಳ್ಳಲು ಹೊರಟರು. ಹಾಕಿಕೊಂಡರೆ ಮತ್ತೆ ತೆರೆಯುವುದಿಲ್ಲವೆಂದು ರಮಾಬಾಯಿಗೆ ಗೊತ್ತು. ಬೈಯಲಿಲ್ಲ, ಹೆದರಿಸಲಿಲ್ಲ. "ಮಾಮಾ, ನಾಳೆ ಪಾರಣೆ ಎಷ್ಟೊತ್ತಿಗೆ?" ಎಂದಷ್ಟೇ ಕೇಳಿದರು.

ದ್ವಾದಶಿಯ ದಿನ ಇನ್ನೂ ಕತ್ತಲಿರುವಾಗಲೇ ಹಾಜರು. ಮುಚ್ಚಳ ಬಿಗಿದ ಹೊಸ ಬಾಟಲಿಯ ಮೇಲೆ ಅವರೆದುರೇ ಚೊಂಬು ನೀರು ಸುರಿದರು. "ಹೊರಗೆ ಮಡಿ ಆಯ್ತು ಮಾಮಾ. ಒಳಗೆ ತೊಳೀಬೇಡಿ, ದೊಡ್ಡ ಮನಸ್ಸು ಮಾಡಿ." ಅಕ್ಷಯಾ ಕಿಸಕ್ಕನೆ ನಕ್ಕಳು. ವಿಷ್ಣುತೀರ್ಥರು ಗೊಣಗಿದರು. ಆದರೂ ಪಾರಣೆಯ ಊಟ ಮುಗಿಸಿ, ನೀರು ಕುಡಿದು, ಸ್ವಲ್ಪ ಹೊತ್ತಿಗೆ ಬಾಟಲಿ ತಂದುಕೊಟ್ಟರು.

ಫಲಿತಾಂಶ ಕ್ಯಾನ್ಸರಿನ ಅನುಮಾನದ್ದೇ ಬಂತು. ಕಾಗದದಲ್ಲಿ ಅದನ್ನು ನೋಡಿದ ಮೇಲೆ ಮುದುಕರ ಹಟ ಇಳಿಯಿತು, ಡಾಕ್ಟರು ನಳಿಕೆ ಹಾಕಿ ನೋಡಿದರು. ತೊಗರಿಬೇಳೆಯಷ್ಟು ಗಡ್ಡೆ. ಬೆಳೆಯುವ ಮೊದಲೇ ತೆಗೆದಾಯಿತು.

ಈಗ ಮಡಿಯವರ ಮನೆಗೆಂದೇ ಮೊಪೆಡ್ಡಿನಲ್ಲಿ ಒಂದು ಚೊಂಬು ಇರುತ್ತದೆ. ವಿಷ್ಣುತೀರ್ಥರ ಮನೆಯ ಗೇಟು ಇವರಿಗೆ ಪೂರ್ತಿ ತೆರೆಯುತ್ತದೆ, ಜಗಲಿಯ ಮೇಲೆ ಫಿಲ್ಟರ್ ಕಾಫಿಯೂ ಸಿಗುತ್ತದೆ. ಅವರ ಬಗ್ಗೆ ಬರೆಯಲು ಜೊತೆಗೆ ಬಂದ ನಾನು ಅಲ್ಲೇ ಕೂತು ಕೇಳುತ್ತೇನೆ, ನಿಮಗೇನು ಆಸೆ ರಮಾಬಾಯಿ?

ಲೋಟ ಕೆಳಗಿಟ್ಟು ಐಸ್ ಡಬ್ಬದ ಮುಚ್ಚಳ ಬಿಗಿಯುತ್ತಾರೆ.

"ನಮ್ಮೋರು ಬೀಟ್‌ರೂಟ್ ಅಂದಾಗ ನಂಬ್ಬಿಟ್ಟೆ. ಇನ್ಯಾರ ಮನೇಲೂ ಹೆಂಡ್ತಿ ಅಂಥ ಮಾತು ನಂಬಬಾರ್ದು, ಅಷ್ಟೆ."